ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರ ಕೈ ಬಾವು: ಅಪಾಯ ಯಾರಿಗೆ ಹೆಚ್ಚು, ಏಕೆ?

ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ಹತ್ತಾರು ದಿನಕ್ಕೆ ಕೈಸೇರುವ ಪೆಥಾಲಜಿ ವರದಿಯಲ್ಲಿ '2/16' ಎಂಬಂಥ ಒಂದು ಬರಹ ಇರುತ್ತದೆ. ಕಂಕುಳಿನಿಂದ 16 ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆದಿದ್ದಾರೆ, ಅವುಗಳಲ್ಲಿ 2ರಲ್ಲಿ ಕ್ಯಾನ್ಸರ್ ಸಿಕ್ಕಿದೆ ಎಂದು ಅದರ ಅರ್ಥ. ಮನೆಯವರೆಲ್ಲ ಆ ಎರಡರ ಬಗ್ಗೆಯೇ ಕೇಳುತ್ತಾರೆ, ಅದು ಸಹಜವೂ ಹೌದು. ಆದರೆ ಮುಂದೆ ಆ ಕಡೆಯ ಕೈ ಬಾತುಕೊಳ್ಳುವ ಸಾಧ್ಯತೆ ಎಷ್ಟು ಎಂದು ಅಂದಾಜು ಮಾಡಲು ನೋಡಬೇಕಾದದ್ದು 16ನ್ನು.

ಈ ಬಾವಿಗೆ ವೈದ್ಯರು ಲಿಂಫೆಡಿಮಾ ಎನ್ನುತ್ತಾರೆ. ಇದರ ಬಗ್ಗೆ ರೋಗಿಗಳಿಗೆ ಸಿಗುವ ಸಲಹೆ ಹೆಚ್ಚಾಗಿ 'ಬೇಡ'ಗಳ ಪಟ್ಟಿ: ಭಾರ ಎತ್ತಬೇಡಿ, ಆ ಕೈಗೆ ಬಿಪಿ ನೋಡಿಸಬೇಡಿ, ಸೂಜಿ ಚುಚ್ಚಿಸಬೇಡಿ, ವಿಮಾನದಲ್ಲಿ ಹೋಗಬೇಡಿ. ಪಟ್ಟಿಯಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿ ನಿಲ್ಲುವುದರಿಂದ ಎಲ್ಲಕ್ಕೂ ಒಂದೇ ತೂಕ ಎಂಬ ಭಾವನೆ ಬರುತ್ತದೆ. ವಾಸ್ತವದಲ್ಲಿ ಹಾಗಿಲ್ಲ. ನಾಲ್ಕು ಸಂಗತಿಗಳು ನಿಜಕ್ಕೂ ಭಾರವಾದವು: ಕಂಕುಳಿನಲ್ಲಿ ನಡೆದ ಶಸ್ತ್ರಚಿಕಿತ್ಸೆ, ಗ್ರಂಥಿಗಳಿರುವ ಜಾಗಕ್ಕೆ ಕೊಟ್ಟ ರೇಡಿಯೇಷನ್, ಮೈತೂಕ, ಮತ್ತು ಆ ಕೈಗೆ ಆಗುವ ಚರ್ಮದ ಸೋಂಕು. ಉಳಿದವು ಸಣ್ಣವು, ಅಥವಾ ಸಾಬೀತಾಗದವು.

ಕೈಯಿಂದ ದ್ರವ ಹೊರಗೆ ಹೋಗುವ ದಾರಿ

ತೋಳಿನ ಸೂಕ್ಷ್ಮ ರಕ್ತನಾಳಗಳಿಂದ ಸದಾ ಒಂದಿಷ್ಟು ದ್ರವ, ಅದರ ಜತೆಗೆ ಪ್ರೋಟೀನ್, ಅಂಗಾಂಶದೊಳಕ್ಕೆ ಸೋರುತ್ತಿರುತ್ತದೆ. ಅದನ್ನು ಹಿಂದಕ್ಕೆ ರಕ್ತಕ್ಕೆ ಒಯ್ಯುವುದು ದುಗ್ಧನಾಳಗಳ ಕೆಲಸ; ಅವುಗಳೊಳಗೆ ಹರಿಯುವ ಆ ದ್ರವವೇ ದುಗ್ಧರಸ. ಈ ನಾಳಗಳು ಬರೀ ಕೊಳವೆಗಳಲ್ಲ. ಒಳಗೆ ಕವಾಟಗಳಿವೆ, ಗೋಡೆಯಲ್ಲಿ ಸ್ನಾಯು ಇದೆ. ಕವಾಟದಿಂದ ಕವಾಟಕ್ಕೆ ಒಂದೊಂದು ತುಂಡೂ ತಾನೇ ಸಂಕುಚಿಸಿ ದ್ರವವನ್ನು ಮೇಲಕ್ಕೆ ತಳ್ಳುತ್ತದೆ, ಕೈ ಆಡಿಸಿದಾಗ ಸುತ್ತಲಿನ ಸ್ನಾಯುಗಳೂ ಒತ್ತಿ ನೆರವಾಗುತ್ತವೆ. ತೋಳಿನ ಹೆಚ್ಚಿನ ದುಗ್ಧರಸ ಕಂಕುಳಿನ ಗ್ರಂಥಿಗಳ ಮೂಲಕವೇ ಹಾದುಹೋಗಬೇಕು. ಸ್ತನದ್ದೂ ಬಹುಪಾಲು ಅಲ್ಲಿಗೇ ಬರುತ್ತದೆ. ತೊಡಕಿರುವುದು ಇಲ್ಲಿಯೇ. ಕ್ಯಾನ್ಸರ್ ಹರಡಿದೆಯೇ ಎಂದು ಹುಡುಕುವ ಜಾಗವೂ, ಕೈಯ ದ್ರವ ಹೊರಬೀಳುವ ಬಾಗಿಲೂ ಒಂದೇ.

ಗ್ರಂಥಿಗಳನ್ನು ತೆಗೆದರೆ ಉಳಿದ ನಾಳಗಳು ಹೆಚ್ಚಿನ ಒತ್ತಡದ ವಿರುದ್ಧ ದುಡಿಯಬೇಕಾಗುತ್ತದೆ. ಕೆಲವರಲ್ಲಿ ಅವು ವರ್ಷಗಟ್ಟಲೆ ತಾಳುತ್ತವೆ. ಕೆಲವರಲ್ಲಿ ಸುಸ್ತಾಗಿ ಹಿಗ್ಗುತ್ತವೆ, ಕವಾಟಗಳು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ, ದ್ರವ ಚರ್ಮದ ಕಡೆಗೆ ವಾಪಸು ಹರಿಯುತ್ತದೆ. ಅಲ್ಲಿ ನಿಂತ ಪ್ರೋಟೀನು ಉರಿಯೂತ ಎಬ್ಬಿಸುತ್ತದೆ, ಉರಿಯೂತದಿಂದ ನಾರು ಬೆಳೆಯುತ್ತದೆ, ಕೊನೆಗೆ ಕೊಬ್ಬೂ ಕೂಡಿಕೊಳ್ಳುತ್ತದೆ. ಹಾಗಾಗಿ ಹಳೆಯ ಬಾವು ಬೆರಳಿನಿಂದ ಒತ್ತಿದರೆ ಗುಳಿ ಬೀಳದಷ್ಟು ಗಟ್ಟಿ. ಅದು ಬರೀ ನೀರಲ್ಲ. ಮೂತ್ರ ಹೆಚ್ಚಿಸುವ ಮಾತ್ರೆ ನುಂಗಿದರೆ ಅದು ಇಳಿಯದಿರುವುದಕ್ಕೂ ಇದೇ ಕಾರಣ.

ಹಾಗಾದರೆ 16 ಗ್ರಂಥಿ ಕಳೆದುಕೊಂಡ ಎಲ್ಲರಿಗೂ ಯಾಕೆ ಬಾವು ಬರುವುದಿಲ್ಲ? ದೇಹಕ್ಕೆ ಒಳದಾರಿಗಳು ಇವೆ. ತೋಳಿನ ಹೊರಬದಿಯಿಂದ ಭುಜದ ಮುಂಭಾಗ ಹಾದು ಕೊರಳೆಲುಬಿನ ಬಳಿಯ ಗ್ರಂಥಿಗಳಿಗೆ ಸೇರುವ ನಾಳ ಕೆಲವರಲ್ಲಿ ಚೆನ್ನಾಗಿ ಬೆಳೆದಿರುತ್ತದೆ, ಕೆಲವರಲ್ಲಿ ಇರುವುದೇ ಇಲ್ಲ. ಎದೆಯ ಮೇಲಿನಿಂದ ಇನ್ನೊಂದು ಕಂಕುಳಿಗೆ, ಬೆನ್ನಿನ ಕಡೆಗೆ ಹೋಗುವ ದಾರಿಗಳೂ ತೆರೆದುಕೊಳ್ಳಬಹುದು. ಇದರ ಜತೆಗೆ ಹುಟ್ಟಿನಿಂದ ಬಂದ ಗುಣವೂ ಇದೆ: ಬ್ರಿಟನ್ನಿನ ಸಂಶೋಧಕರು ಆಪರೇಷನ್ನಿಗೆ ಮೊದಲೇ ತೋಳುಗಳ ದುಗ್ಧರಸದ ಹರಿವನ್ನು ಅಳೆದಾಗ, ಮುಂದೆ ಬಾವು ಬಂದವರಲ್ಲಿ ಆ ಹರಿವು ಉಳಿದವರಿಗಿಂತ ಹೆಚ್ಚಿತ್ತು. ಆರೋಗ್ಯವಾಗಿದ್ದ ಕೈಯಲ್ಲೂ ಅಷ್ಟೇ. ಮೊದಲಿನಿಂದಲೇ ಹೆಚ್ಚು ಹೊರೆ ಹೊತ್ತಿದ್ದ ನಾಳಗಳು ಬೇಗ ಕೈಚೆಲ್ಲುತ್ತವೆ ಎಂದು ಇದನ್ನು ಅರ್ಥ ಮಾಡಿಕೊಳ್ಳಲಾಗಿದೆ. ಆದ್ದರಿಂದ 'ನಾನೇನೋ ತಪ್ಪು ಮಾಡಿದೆ, ಅದಕ್ಕೇ ಬಾವು ಬಂತು' ಎಂಬ ಕೊರಗಿಗೆ ಬಹುತೇಕ ಆಧಾರವಿಲ್ಲ.

ಕಂಕುಳಿನ ಆಪರೇಷನ್: ಎಲ್ಲಕ್ಕಿಂತ ದೊಡ್ಡ ಅಂಶ

ಇಡೀ ಸ್ತನ ತೆಗೆದರೆ ಕೈ ಬಾತುಕೊಳ್ಳುತ್ತದೆ, ಗಡ್ಡೆ ಮಾತ್ರ ತೆಗೆದರೆ ಇಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಮುಖ್ಯವಾದುದು ಕಂಕುಳಿನಲ್ಲಿ ಏನು ಮಾಡಿದರು ಎಂಬುದು. ಸ್ತನ ಉಳಿಸಿಕೊಂಡೂ ಕಂಕುಳನ್ನು ಪೂರ್ತಿ ತೆರವು ಮಾಡಿಸಿಕೊಂಡವರ ಅಪಾಯ, ಸ್ತನ ತೆಗೆಸಿ ಒಂದೆರಡು ಗ್ರಂಥಿ ಮಾತ್ರ ಕೊಟ್ಟವರಿಗಿಂತ ಬಹಳ ಹೆಚ್ಚು.

ಕಂಕುಳಿನ ಶಸ್ತ್ರಚಿಕಿತ್ಸೆಯಲ್ಲಿ ಎರಡು ಬಗೆ. ಒಂದು, ಸೆಂಟಿನೆಲ್ ಗ್ರಂಥಿಯ ಬಯಾಪ್ಸಿ: ಬಣ್ಣ ಅಥವಾ ವಿಕಿರಣಶೀಲ ದ್ರವ ಚುಚ್ಚಿ, ಗಡ್ಡೆಯ ಕಡೆಯಿಂದ ದುಗ್ಧರಸ ಮೊದಲು ತಲುಪುವ ಒಂದರಿಂದ ಮೂರು ಗ್ರಂಥಿಗಳನ್ನಷ್ಟೇ ತೆಗೆದು ನೋಡುವುದು. ಇನ್ನೊಂದು, ಕಂಕುಳಿನ ಗ್ರಂಥಿಗಳ ತೆರವು: ಸಾಮಾನ್ಯವಾಗಿ ಲೆವೆಲ್ 1 ಮತ್ತು 2, ಅಗತ್ಯ ಬಿದ್ದರೆ 3. ಎದೆಯ ಚಿಕ್ಕ ಸ್ನಾಯುವಿನ ಹೊರಗೆ ಇರುವುದು ಲೆವೆಲ್ 1, ಅದರ ಹಿಂದೆ 2, ಒಳಬದಿಗೆ 3. ಮೇಲೆ ಹೋದಷ್ಟೂ ಕೈಯ ನಾಳಗಳು ತುಂಡಾಗುವುದು ಹೆಚ್ಚು. 2013ರಲ್ಲಿ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ ವಿಶ್ಲೇಷಣೆಯಲ್ಲಿ ಗ್ರಂಥಿಗಳನ್ನು ತೆರವು ಮಾಡಿಸಿಕೊಂಡವರಲ್ಲಿ ಸುಮಾರು 20%, ಸೆಂಟಿನೆಲ್ ಬಯಾಪ್ಸಿ ಆದವರಲ್ಲಿ ಸುಮಾರು 6% ಮಂದಿಗೆ ಕೈ ಬಾವು ಕಂಡಿತ್ತು. ಹೆಚ್ಚುಕಡಿಮೆ ಮೂರುಪಟ್ಟು ಅಂತರ. ಸೆಂಟಿನೆಲ್ ಆದವರಿಗೆ ಅಪಾಯವೇ ಇಲ್ಲ ಎನ್ನುವಂತಿಲ್ಲ ಎಂಬುದನ್ನೂ ಗಮನಿಸಿ.

ಭಾರತದಲ್ಲಿ ಗಡ್ಡೆ ದೊಡ್ಡದಾದ ಮೇಲೆ, ಕಂಕುಳಿನಲ್ಲಿ ಗಂಟು ಕೈಗೆ ಸಿಗುವ ಹಂತದಲ್ಲಿ ಬರುವವರು ಬಹಳ. ಅಂಥವರಿಗೆ ಪೂರ್ತಿ ತೆರವು ಅನಿವಾರ್ಯವಾಗುವುದೇ ಹೆಚ್ಚು. ರೋಗ ಬೇಗ ಪತ್ತೆಯಾದರೆ ಸ್ತನ ಉಳಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಕೈಯೂ ಉಳಿಯುತ್ತದೆ ಎನ್ನುವುದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ವಿಕಿರಣಶೀಲ ದ್ರವ ಮತ್ತು ಅದನ್ನು ಪತ್ತೆಹಚ್ಚುವ ಯಂತ್ರ ಎಲ್ಲ ಊರಿನ ಆಸ್ಪತ್ರೆಯಲ್ಲಿ ಇರುವುದಿಲ್ಲ. ಮೆಥಿಲೀನ್ ಬ್ಲೂ ಬಣ್ಣ ಅಗ್ಗ, ಸುಲಭವಾಗಿ ಸಿಗುತ್ತದೆ. ಮುಂಬೈಯ ಟಾಟಾ ಮೆಮೋರಿಯಲ್ ಕೇಂದ್ರದ ವೈದ್ಯರು ಬಣ್ಣದ ಹಂಗೂ ಇಲ್ಲದೆ, ಕಂಕುಳಲ್ಲಿ ಅಡ್ಡ ಹಾಯುವ ಒಂದು ನರವನ್ನು ಗಡಿಯಾಗಿ ಇಟ್ಟುಕೊಂಡು ಅದರ ಕೆಳಗಿನ ಗ್ರಂಥಿಗಳನ್ನಷ್ಟೇ ತೆಗೆಯುವ ವಿಧಾನವನ್ನು ಪರೀಕ್ಷಿಸಿ ಪ್ರಕಟಿಸಿದ್ದಾರೆ. ಕಂಕುಳಿನಲ್ಲಿ ಗಂಟು ಸಿಗದವರು, ಅಥವಾ ಮೊದಲು ಕೊಟ್ಟ ಕೀಮೋಗೆ ಗಂಟು ಕರಗಿದವರು ಆಪರೇಷನ್ನಿಗೆ ಮುಂಚೆ 'ನನಗೆ ಪೂರ್ತಿ ತೆರವು ಬೇಕೇ, ಕೆಲವೇ ಗ್ರಂಥಿ ತೆಗೆದು ನೋಡಿದರೆ ಸಾಕೇ?' ಎಂದು ಕೇಳಲೇಬೇಕು. ಬೇಕು ಎಂದು ಕಾರಣ ಸಮೇತ ಹೇಳಿದರೆ ಬಾವಿನ ಭಯಕ್ಕೆ ಬೇಡ ಎನ್ನಬಾರದು. ಬಾವನ್ನು ಹತೋಟಿಯಲ್ಲಿ ಇಡಬಹುದು, ಕಂಕುಳಿನಲ್ಲಿ ಉಳಿದ ಕ್ಯಾನ್ಸರಿನ ವಿಷಯ ಹಾಗಲ್ಲ.

ರೇಡಿಯೇಷನ್ ಯಾವ ಜಾಗಕ್ಕೆ?

ಸ್ತನಕ್ಕೆ ಅಥವಾ ಎದೆಗೋಡೆಗೆ ಮಾತ್ರ ಕೊಟ್ಟ ರೇಡಿಯೇಷನ್‌ನಿಂದ ಕೈಗೆ ಆಗುವ ತೊಂದರೆ ಕಡಿಮೆ. ಕಂಕುಳು ಮತ್ತು ಕೊರಳೆಲುಬಿನ ಮೇಲ್ಭಾಗವನ್ನೂ ಸೇರಿಸಿಕೊಂಡರೆ ಅಪಾಯ ಏರುತ್ತದೆ. ಮೇಲೆ ಹೇಳಿದ ಒಳದಾರಿ ಕೊನೆಯಾಗುವುದು ಆ ಕೊರಳೆಲುಬಿನ ಬಳಿಯೇ ಎಂಬುದನ್ನು ನೆನಪಿಟ್ಟುಕೊಂಡರೆ ಇದು ಅರ್ಥವಾಗುತ್ತದೆ: ಆಪರೇಷನ್ ಮುಖ್ಯ ದಾರಿಯನ್ನು ಮುಚ್ಚಿದೆ, ರೇಡಿಯೇಷನ್ ಬದಲಿ ದಾರಿಯ ಸುತ್ತ ನಾರು ಬೆಳೆಸುತ್ತದೆ. ಕೆನಡಾ ನೇತೃತ್ವದ, 2015ರಲ್ಲಿ ಪ್ರಕಟವಾದ ಎಂಎ.20 ಪ್ರಯೋಗದಲ್ಲಿ ಗ್ರಂಥಿಗಳ ಜಾಗಕ್ಕೂ ರೇಡಿಯೇಷನ್ ಪಡೆದವರಲ್ಲಿ 8.4%, ಸ್ತನಕ್ಕೆ ಮಾತ್ರ ಪಡೆದವರಲ್ಲಿ 4.5% ಮಂದಿಗೆ ಬಾವು ಬಂತು.

ಇದರ ಇನ್ನೊಂದು ಮುಖವನ್ನು ತೋರಿಸಿದ್ದು ಯುರೋಪಿನ ಅಮರೋಸ್ ಪ್ರಯೋಗ. ಸೆಂಟಿನೆಲ್ ಗ್ರಂಥಿಯಲ್ಲಿ ಕ್ಯಾನ್ಸರ್ ಸಿಕ್ಕವರಲ್ಲಿ ಒಂದು ಗುಂಪಿಗೆ ಕಂಕುಳಿನ ತೆರವು, ಇನ್ನೊಂದಕ್ಕೆ ಅದರ ಬದಲು ಕಂಕುಳಿಗೆ ರೇಡಿಯೇಷನ್ ಕೊಟ್ಟು ನೋಡಿದರು. ಐದು ವರ್ಷದ ಹೊತ್ತಿಗೆ ಬಾವಿನ ಲಕ್ಷಣ ಇದ್ದವರು ಮೊದಲ ಗುಂಪಿನಲ್ಲಿ 23%, ಎರಡನೆಯದರಲ್ಲಿ 11%. ಕಂಕುಳಿನಲ್ಲಿ ರೋಗ ಮರಳಿದವರು ಎರಡೂ ಕಡೆ ತೀರ ಕಡಿಮೆ. ಅಂದರೆ ಕತ್ತಿಯೊಂದೇ ಆದರೆ ಒಂದು ಅಪಾಯ, ಕಿರಣವೊಂದೇ ಆದರೆ ಅದಕ್ಕಿಂತ ಕಡಿಮೆ, ಎರಡೂ ಸೇರಿದರೆ ಅತಿ ಹೆಚ್ಚು. ಎರಡೂ ಆದವರು ತಮ್ಮನ್ನು ಹೆಚ್ಚಿನ ಅಪಾಯದ ಗುಂಪಿಗೆ ಸೇರಿಸಿಕೊಂಡು ಮುಂದಿನದನ್ನು ಓದಬೇಕು.

ಕಾಲವೂ ಬೇರೆ ಬೇರೆ. ಆಪರೇಷನ್‌ನಿಂದ ಬರುವ ಬಾವು ಮೊದಲ ವರ್ಷದಲ್ಲೇ ತಲೆಯೆತ್ತುವುದು ಹೆಚ್ಚು. ರೇಡಿಯೇಷನ್ನಿನದು ನಿಧಾನ, ಎರಡು ಮೂರು ವರ್ಷ ದಾಟಿದ ಮೇಲೂ ಬರಬಹುದು. ಒಟ್ಟಾರೆ ಹೆಚ್ಚಿನವು ಮೊದಲ ಮೂರು ವರ್ಷದೊಳಗೆ ಕಾಣಿಸುತ್ತವೆ, ಆಮೇಲೆ ಅಪಾಯ ತಗ್ಗುತ್ತದೆ, ಪೂರ್ತಿ ಶೂನ್ಯವಾಗುವುದಿಲ್ಲ.

ಕೀಮೋ ವಿಷಯದಲ್ಲಿ ಒಂದೇ ಮಾತು. ಡೋಸಿಟ್ಯಾಕ್ಸೆಲ್‌ನಂಥ ಔಷಧ ಮೈಯಲ್ಲೇ ನೀರು ನಿಲ್ಲಿಸುತ್ತದೆ, ಅದಕ್ಕೇ ಅದರ ಜತೆ ಸ್ಟೀರಾಯ್ಡ್ ಕೊಡುವುದು. ಎರಡೂ ಕೈ, ಕಾಲು, ಮುಖ ಊದಿದ್ದರೆ ಅದು ಹೆಚ್ಚಾಗಿ ಔಷಧದ್ದು, ಸಾಮಾನ್ಯವಾಗಿ ಇಳಿಯುತ್ತದೆ. ಒಂದೇ ಕೈ ಊದಿದ್ದರೆ ಮಾತ್ರ ಲಿಂಫೆಡಿಮಾದ ಅನುಮಾನ.

ತೂಕ ಮತ್ತು ಸೋಂಕು: ನಮ್ಮ ಕೈಯಲ್ಲಿರುವ ಎರಡು

ಮೇಲಿನ ಎರಡನ್ನು ಬದಲಿಸಲು ಆಗುವುದಿಲ್ಲ. ಈ ಎರಡನ್ನು ಸ್ವಲ್ಪ ಮಟ್ಟಿಗೆ ಬದಲಿಸಬಹುದು.

ರೋಗ ಪತ್ತೆಯಾದಾಗ ಬಿಎಂಐ (ಎತ್ತರಕ್ಕೆ ತಕ್ಕಂತೆ ತೂಕ ಎಷ್ಟು ಎಂಬ ಅಳತೆ) 30ಕ್ಕಿಂತ ಹೆಚ್ಚಿದ್ದರೆ ಬಾವಿನ ಅಪಾಯ ಸ್ಪಷ್ಟವಾಗಿ ಹೆಚ್ಚು ಎಂದು ಒಂದಾದ ಮೇಲೊಂದು ಅಧ್ಯಯನ ತೋರಿಸಿದೆ. ಒಂದು ಅಂದಾಜಿಗೆ: ಎತ್ತರ 155 ಸೆಂ.ಮೀ. ಇರುವ ಮಹಿಳೆಯ ತೂಕ 60 ಕೆ.ಜಿ. ಆದರೆ ಬಿಎಂಐ 25, 72 ಕೆ.ಜಿ. ಆದರೆ 30. ಭಾರತೀಯರಿಗೆ 25ನ್ನೇ ಬೊಜ್ಜಿನ ಗಡಿ ಎಂದು ಇಟ್ಟಿದ್ದಾರೆ. ಕೊಬ್ಬು ಹೆಚ್ಚಿದ ತೋಳಿನಲ್ಲಿ ದ್ರವದ ಉತ್ಪತ್ತಿ ಹೆಚ್ಚು, ದುಗ್ಧನಾಳಗಳ ಪಂಪಿನ ಬಲ ಕಡಿಮೆ.

ಚಿಕಿತ್ಸೆಯ ಆ ಏಳೆಂಟು ತಿಂಗಳು ತೂಕ ಏರುವುದೇ ಸಾಮಾನ್ಯ. ಸ್ಟೀರಾಯ್ಡ್ ಹಸಿವು ಹೆಚ್ಚಿಸುತ್ತದೆ, ಓಡಾಟ ನಿಲ್ಲುತ್ತದೆ, ಮನೆಗೆ ಬಂದವರೆಲ್ಲ 'ಶಕ್ತಿ ಬರಲಿ' ಎಂದು ತುಪ್ಪ, ಅಂಟಿನುಂಡೆ, ಹಾರ್ಲಿಕ್ಸ್ ಮುಂದಿಡುತ್ತಾರೆ. ಕೀಮೋದಲ್ಲಿ ಬೇಕಾಗುವುದು ಪ್ರೋಟೀನ್: ಬೇಳೆ, ಕಾಳು, ಮೊಟ್ಟೆ, ಮೊಸರು, ಮೀನು. ತೀರ ಸೊರಗುತ್ತಿರುವವರನ್ನು ಬಿಟ್ಟರೆ ಉಳಿದವರಿಗೆ ಹೆಚ್ಚುವರಿ ಸಕ್ಕರೆ, ತುಪ್ಪದ ಅಗತ್ಯ ಇಲ್ಲ. ಬಾವು ಬಂದಾದ ಮೇಲೆ ತೂಕ ಇಳಿಸಿದರೆ ಕೈಯೂ ಇಳಿಯುತ್ತದೆಯೇ ಎಂಬ ಅಧ್ಯಯನಗಳ ಫಲ ಮಾತ್ರ ಒಂದೇ ಥರ ಬಂದಿಲ್ಲ. ಆದ್ದರಿಂದ ಏರಲು ಬಿಡದಿರುವುದೇ ಜಾಣತನ.

ಸೋಂಕಿನದು ಎರಡು ಬದಿಯ ಪೆಟ್ಟು. ದ್ರವ ನಿಂತ ಕೈಯಲ್ಲಿ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯುತ್ತವೆ, ಪ್ರತಿ ಸೋಂಕೂ ಉಳಿದಿರುವ ನಾಳಗಳನ್ನು ಇನ್ನಷ್ಟು ಹಾಳು ಮಾಡುತ್ತದೆ. ಆನೆಕಾಲು ರೋಗವನ್ನು ಬಲ್ಲ ಕರಾವಳಿಯ, ಕಲಬುರಗಿ ಕಡೆಯ ಜನಕ್ಕೆ ಇದು ಹೊಸತಲ್ಲ: ಜ್ವರ ಬಂದು ಕಾಲು ಕೆಂಪಗಾದಾಗಲೆಲ್ಲ ಊತ ಒಂದು ಮೆಟ್ಟಿಲು ಏರುತ್ತದೆ. ಅಲ್ಲಿ ಕಲಿತ ಸರಳ ಪಾಠ ಇಲ್ಲಿಗೂ ಸಲ್ಲುತ್ತದೆ. ದಿನಕ್ಕೊಮ್ಮೆ ಸೋಪು ನೀರಿನಲ್ಲಿ ತೊಳೆದು, ಬೆರಳ ಸಂದುಗಳನ್ನು ಪೂರ್ತಿ ಒರೆಸಿ, ಬಿರುಕು ಬೀಳದಂತೆ ಎಣ್ಣೆ ಅಥವಾ ಕ್ರೀಮು ಸವರುವುದು.

ಸೋಂಕು ಒಳಹೋಗುವ ಜಾಗಗಳು ಹೆಚ್ಚಾಗಿ ಮನೆ ಮತ್ತು ಹೊಲದಲ್ಲೇ ಇವೆ. ಈಳಿಗೆಮಣೆ ತಾಗಿದ ಗಾಯ, ಒಗ್ಗರಣೆ ಸಿಡಿದ ಸುಟ್ಟ ಕಲೆ, ಒಡೆದ ಗಾಜಿನ ಬಳೆಯ ಚೂರು, ಹುಲ್ಲು ಕೊಯ್ಯುವಾಗಿನ ಗೀರು, ಬೆಕ್ಕಿನ ಉಗುರು, ದಿನವಿಡೀ ಪಾತ್ರೆ ಬಟ್ಟೆಯ ನೀರಿನಲ್ಲಿದ್ದು ಬೆರಳ ಸಂದಿನಲ್ಲಿ ಬಂದ ಹುಣ್ಣು. ಗಾಜಿನ ಬಳೆ ತೊಡಲೇಬೇಕೆಂದರೆ ಇನ್ನೊಂದು ಕೈಗೆ ತೊಡಿ, ಈ ಕೈಗೆ ಸಡಿಲವಾದ ಲೋಹದ ಒಂದು ಬಳೆ ಸಾಕು. ಗಾಯವಾದರೆ ತೊಳೆದು ಆಂಟಿಸೆಪ್ಟಿಕ್ ಹಚ್ಚಿ ಎರಡು ದಿನ ಗಮನಿಸಿ. ಅರಿಸಿನ ಮೆತ್ತಿ ಮುಚ್ಚಿಟ್ಟರೆ ಕೆಂಪಾಗುತ್ತಿರುವುದೇ ಕಾಣಿಸುವುದಿಲ್ಲ. ಚರ್ಮ ಕೆಂಪಾಗಿ ಬಿಸಿಯಾಗಿ ಹರಡುತ್ತಿದ್ದರೆ, ಜತೆಗೆ ಚಳಿಜ್ವರ ಇದ್ದರೆ, ಬೆಳಗಾಗಲಿ ಎಂದು ಕಾಯದೆ ಅಂದೇ ಆಂಟಿಬಯೋಟಿಕ್ ಶುರುವಾಗಬೇಕು. ಆ ಸಮಯದಲ್ಲಿ ಮಸಾಜು ಬೇಡ.

ಹೆದರಿಸುವ ಸಣ್ಣ ವಿಷಯಗಳು

ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯವರು 600ಕ್ಕೂ ಹೆಚ್ಚು ರೋಗಿಗಳ ತೋಳುಗಳನ್ನು ವರ್ಷಗಟ್ಟಲೆ ಅಳೆದು, ಪ್ರತಿ ಸಲವೂ ಆ ಕೈಗೆ ಬಿಪಿ ನೋಡಿಸಿದ್ದು, ರಕ್ತ ತೆಗೆಸಿದ್ದು, ಇಂಜೆಕ್ಷನ್ ಹಾಕಿಸಿದ್ದು, ವಿಮಾನ ಹತ್ತಿದ್ದು ಎಲ್ಲವನ್ನೂ ಕೇಳಿ ಬರೆದುಕೊಂಡರು. 2016ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ಇವು ಯಾವುದಕ್ಕೂ ಕೈ ದಪ್ಪವಾಗುವುದಕ್ಕೂ ನಂಟು ಕಾಣಲಿಲ್ಲ. ನಂಟು ಕಂಡದ್ದು ಕಂಕುಳಿನ ತೆರವು, ಗ್ರಂಥಿಗಳ ರೇಡಿಯೇಷನ್, ಹೆಚ್ಚಿನ ಬಿಎಂಐ ಮತ್ತು ಚರ್ಮದ ಸೋಂಕಿಗೆ.

ಆಯ್ಕೆ ಇದ್ದಾಗ ಇನ್ನೊಂದು ಕೈಯನ್ನೇ ಕೊಡಿ, ಖರ್ಚೇನೂ ಇಲ್ಲ. ತುರ್ತಿನಲ್ಲಿ ಸೂಜಿಗೆ ರಕ್ತನಾಳ ಸಿಗುವುದು ಈ ಕೈಯಲ್ಲೇ ಆದರೆ ತಕರಾರು ತೆಗೆದು ಚಿಕಿತ್ಸೆ ತಡಮಾಡಬೇಡಿ. ಎರಡೂ ಕಡೆ ಆಪರೇಷನ್ ಆದವರು ಕಡಿಮೆ ಗ್ರಂಥಿ ತೆಗೆದ ಕಡೆಯನ್ನು ಕೊಡಬಹುದು.

ಭಾರದ ವಿಷಯದಲ್ಲಂತೂ ಹಳೆಯ ಸಲಹೆ ತಲೆಕೆಳಗಾಗಿದೆ. ಅಮೆರಿಕದಲ್ಲಿ ನಡೆದ ಪಾಲ್ ಎಂಬ ಪ್ರಯೋಗದಲ್ಲಿ ಮಹಿಳೆಯರು ವಾರಕ್ಕೆ ಎರಡು ದಿನ, ತೀರ ಹಗುರದಿಂದ ಶುರುಮಾಡಿ, ನಿಧಾನವಾಗಿ ಏರಿಸುತ್ತ ತೂಕ ಎತ್ತಿದರು. ಬಾವು ಹೆಚ್ಚಲಿಲ್ಲ. ಐದು ಅಥವಾ ಅದಕ್ಕಿಂತ ಹೆಚ್ಚು ಗ್ರಂಥಿ ಕಳೆದುಕೊಂಡವರಲ್ಲಿ ಹಾಗೆ ವ್ಯಾಯಾಮ ಮಾಡಿದವರಿಗೆ ಬಾವು ಕಡಿಮೆಯೇ ಬಂತು. ತೊಂದರೆ ಇರುವುದು ಭಾರದಲ್ಲಲ್ಲ, ಅಭ್ಯಾಸ ತಪ್ಪಿದ ಕೈಗೆ ಒಮ್ಮೆಲೇ ಭಾರ ಬೀಳುವುದರಲ್ಲಿ. ತುಂಬಿದ ಪ್ಲಾಸ್ಟಿಕ್ ಕೊಡ ಹದಿನೈದು ಕೆ.ಜಿ. ತೂಗುತ್ತದೆ. ಆರು ತಿಂಗಳು ಕೈ ಆಡಿಸದೆ ಕೂತು, ಮನೆಯಲ್ಲಿ ಯಾರೂ ಇಲ್ಲದ ದಿನ ಅದನ್ನು ಎತ್ತಿದರೆ ಕೈ ಊದೀತು. ಅರ್ಧ ಲೀಟರ್ ನೀರಿನ ಬಾಟಲಿಯಿಂದ ಶುರು ಮಾಡಿ. ಹತ್ತು ಸಲ ಎತ್ತಿದ ಮರುದಿನ ಭಾರ, ಬಿಗಿತ ಇಲ್ಲವೆಂದರೆ ಮುಂದಿನ ವಾರ ತುಸು ಏರಿಸಿ. ಮಧ್ಯೆ ಒಂದೆರಡು ವಾರ ಬಿಟ್ಟುಹೋದರೆ ಹಿಂದಿನ ಮೆಟ್ಟಿಲಿಗೆ ಇಳಿದು ಶುರು ಮಾಡಿ. ಆಪರೇಷನ್ ಆದ ಮೊದಲ ವಾರ, ಡ್ರೇನ್ ಕೊಳವೆ ಇರುವಾಗ, ತೋಳನ್ನು ಭುಜದ ಮಟ್ಟಕ್ಕಿಂತ ಮೇಲೆತ್ತುವುದು ಬೇಡ. ಮುಷ್ಟಿ ಬಿಗಿದು ಬಿಡುವುದು, ಮೊಣಕೈ ಮಡಚುವುದು ಸಾಕು.

ಅಳತೆ: ಟೇಪಿನಿಂದ ಏನು ತಿಳಿಯುತ್ತದೆ, ಏನು ತಪ್ಪಿಹೋಗುತ್ತದೆ

ಅಳತೆ ಶುರುವಾಗಬೇಕಾದದ್ದು ಆಪರೇಷನ್ನಿಗೆ ಮೊದಲು. ಬಲಗೈ ಬಳಸುವವರ ಬಲತೋಳು ಸಹಜವಾಗಿಯೇ ತುಸು ದಪ್ಪ. ಮೊದಲ ಅಳತೆ ಇಲ್ಲದಿದ್ದರೆ ಬಲಗಡೆಯ ಆಪರೇಷನ್ ಆದವರಲ್ಲಿ ಇಲ್ಲದ ಬಾವು ಕಂಡೀತು, ಎಡಗಡೆಯವರಲ್ಲಿ ಇರುವ ಬಾವು ಮರೆಯಾದೀತು.

ಹಿಗ್ಗದ ದರ್ಜಿ ಟೇಪು ಬೇಕು. ಕೈಯನ್ನು ಮೇಜಿನ ಮೇಲೆ ಚಾಚಿ, ಮಣಿಕಟ್ಟಿನಿಂದ ಮೇಲಕ್ಕೆ ಪ್ರತಿ 4 ಸೆಂ.ಮೀ.ಗೆ ಪೆನ್ನಿನಿಂದ ಗುರುತು ಹಾಕಿ, ಟೇಪು ಚರ್ಮಕ್ಕೆ ತಾಗುವಂತೆ, ಆದರೆ ಅಮುಕದಂತೆ ಸುತ್ತಿ ಎರಡೂ ಕೈಗಳದ್ದನ್ನು ಬರೆದುಕೊಳ್ಳಿ. ಅಳೆಯುವವರು ಒಬ್ಬರೇ ಇರಲಿ, ಹೊತ್ತೂ ಒಂದೇ ಇರಲಿ.

ಅನೇಕ ಕಡೆ 'ಎರಡು ಸೆಂ.ಮೀ. ವ್ಯತ್ಯಾಸ ಬಂದರೆ ಬಾವು' ಎಂದು ಹೇಳಿಕೊಡುತ್ತಾರೆ. ಅದು ತಡವಾಗಿ ಎಚ್ಚರಿಸುವ ನಿಯಮ. 4 ಸೆಂ.ಮೀ. ಉದ್ದದ ಒಂದು ತುಂಡನ್ನು ತೆಗೆದುಕೊಳ್ಳಿ. ಒಳ್ಳೆಯ ಕೈಯಲ್ಲಿ ಅದರ ಕೆಳಗಿನ ಸುತ್ತಳತೆ 24, ಮೇಲಿನದು 26. ಎರಡರ ವರ್ಗ ಮತ್ತು ಗುಣಲಬ್ಧವನ್ನು ಕೂಡಿಸಿ, ಉದ್ದದಿಂದ ಗುಣಿಸಿ, 37.7ರಿಂದ ಭಾಗಿಸಿದರೆ ಆ ತುಂಡಿನ ಗಾತ್ರ ಸಿಗುತ್ತದೆ: ಸುಮಾರು 199 ಮಿಲಿ. ಇನ್ನೊಂದು ಕೈಯಲ್ಲಿ ಎರಡೂ ಅಳತೆ ಒಂದೂವರೆ ಸೆಂ.ಮೀ. ಹೆಚ್ಚು, 25.5 ಮತ್ತು 27.5 ಎಂದಿಟ್ಟುಕೊಳ್ಳಿ. ಗಾತ್ರ ಸುಮಾರು 224 ಮಿಲಿ, ಅಂದರೆ 12% ಹೆಚ್ಚು. ಎರಡು ಸೆಂ.ಮೀ. ನಿಯಮದ ಪ್ರಕಾರ ಈ ಕೈಗೆ ಏನೂ ಆಗಿಲ್ಲ. ಗಾತ್ರದ ಲೆಕ್ಕದಲ್ಲಿ ತಜ್ಞರು ಲಿಂಫೆಡಿಮಾ ಎನ್ನುವ 10%ರ ಗಡಿ ದಾಟಿಯಾಗಿದೆ. ಹಾಗಾಗಿ ಹಲವೆಡೆ ಮೊದಲ ಅಳತೆಗಿಂತ 5% ಏರಿದಾಗಲೇ ಎಚ್ಚೆತ್ತುಕೊಳ್ಳುತ್ತಾರೆ. ಸೌಲಭ್ಯ ಇರುವಲ್ಲಿ, ಕೈಯಲ್ಲಿ ತೀರ ಸಣ್ಣ ವಿದ್ಯುತ್ ಹರಿಸಿ ಅಳೆಯುವ ಬಯೋಇಂಪಿಡೆನ್ಸ್ ಯಂತ್ರ ಇನ್ನೂ ಮುಂಚೆ ದ್ರವವನ್ನು ಪತ್ತೆಮಾಡುತ್ತದೆ.

ಟೇಪಿಗಿಂತ ಮೊದಲು ಕೈಯೇ ಹೇಳುವುದುಂಟು: ತೋಳು ಭಾರ, ರವಿಕೆಯ ಒಂದು ತೋಳು ಮಾತ್ರ ಬಿಗಿ, ಸಂಜೆ ಹೊತ್ತಿಗೆ ಉಂಗುರದ ಗುರುತು, ಮುಂಗೈ ಮೇಲಿನ ರಕ್ತನಾಳಗಳು ಒಂದು ಕೈಯಲ್ಲಿ ಕಾಣದಾಗುವುದು. ಬೆಳಗ್ಗೆ ಇಳಿದು ಸಂಜೆ ಬರುವ ಈ ಹಂತದಲ್ಲೇ ಹಿಡಿದರೆ, ಸರಿಯಾದ ಅಳತೆಯ ಒತ್ತಡದ ತೋಳುಚೀಲವನ್ನು (ಕಂಪ್ರೆಷನ್ ಸ್ಲೀವ್) ಹಗಲಲ್ಲಿ ನಾಲ್ಕು ವಾರ ತೊಟ್ಟು ಬಹಳ ಮಂದಿ ಮುಂದಿನ ಹಂತವನ್ನು ತಪ್ಪಿಸಿಕೊಳ್ಳುತ್ತಾರೆ.

ಬಾವು ಬರುವ ಮೊದಲೇ ತೊಟ್ಟರೆ? ಇದಕ್ಕೆ ಉತ್ತರ ಸಿಕ್ಕಿದ್ದು ಭಾರತದಲ್ಲೇ. ಟಾಟಾ ಮೆಮೋರಿಯಲ್‌ನಲ್ಲಿ ಕಂಕುಳಿನ ತೆರವು ಆದ 307 ಮಹಿಳೆಯರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನಕ್ಕೆ ಕನಿಷ್ಠ 8 ಗಂಟೆಯಂತೆ ಚಿಕಿತ್ಸೆಗಳೆಲ್ಲ ಮುಗಿದು ಮೂರು ತಿಂಗಳ ತನಕ ತೋಳುಚೀಲ ತೊಟ್ಟವರಲ್ಲಿ ವರ್ಷದ ಹೊತ್ತಿಗೆ ಗಾತ್ರದ ಅಳತೆಯಲ್ಲಿ 14% ಮಂದಿಗೆ, ತೊಡದವರಲ್ಲಿ 25% ಮಂದಿಗೆ ಊತ ಕಂಡಿತು. ಸೆಂಟಿನೆಲ್ ಮಾತ್ರ ಆದವರಿಗೆ ಈ ಫಲಿತಾಂಶ ಅನ್ವಯಿಸುವುದಿಲ್ಲ. ಅಳತೆ ತಪ್ಪಿದ ಚೀಲ ಇಲ್ಲದ್ದಕ್ಕಿಂತ ಕೆಟ್ಟದ್ದು. ಮೇಲ್ತುದಿ ಸುರುಳಿ ಸುತ್ತಿಕೊಂಡರೆ ಅದೇ ಕಟ್ಟು ಹಾಕಿದಂತಾಗಿ ಕೆಳಗೆ ಊದುತ್ತದೆ. ಹಸ್ತ ಊದತೊಡಗಿದರೆ ಬೆರಳಿರುವ ಕೈಗವಸೂ ಬೇಕು. ನಮ್ಮ ಬೇಸಿಗೆಯಲ್ಲಿ ದಿನವೂ ಒಗೆಯಬೇಕಾಗುವುದರಿಂದ ಎರಡು ಚೀಲ ಇದ್ದರೆ ಒಳ್ಳೆಯದು. ರಬ್ಬರಿನ ಬಿಗಿ ಸಡಿಲವಾಗುವ ಹೊತ್ತಿಗೆ, ಸಾಮಾನ್ಯವಾಗಿ ಆರು ತಿಂಗಳಿಗೆ, ಬದಲಿಸಬೇಕು.

ಕೈ ಊದಿತೆಂದರೆ ಲಿಂಫೆಡಿಮಾವೇ ಇರಬೇಕೆಂದಿಲ್ಲ. ಅದು ವಾರ, ತಿಂಗಳುಗಳಲ್ಲಿ ನಿಧಾನವಾಗಿ ಬರುವ ಬಾವು, ನೋವು ಕಡಿಮೆ. ಒಂದೆರಡು ದಿನದಲ್ಲೇ ತೋಳು ಊದಿ, ನೋವಿದ್ದು, ಬಣ್ಣ ನೀಲಿಗೆ ತಿರುಗಿ, ಭುಜ ಎದೆಯ ಮೇಲೆ ರಕ್ತನಾಳಗಳು ಎದ್ದು ಕಂಡರೆ ರಕ್ತ ಹೆಪ್ಪುಗಟ್ಟಿರಬಹುದು. ಕೀಮೋಗೆ ಪೋರ್ಟ್ ಅಥವಾ ಪಿಕ್ ಲೈನ್ (ಔಷಧ ಕೊಡಲು ದೊಡ್ಡ ರಕ್ತನಾಳದೊಳಗೆ ಇಡುವ ಕೊಳವೆ) ಹಾಕಿಸಿಕೊಂಡ ಕಡೆ ಇದರ ಸಾಧ್ಯತೆ ಹೆಚ್ಚು, ಅಂದೇ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಆಗಬೇಕು. ವರ್ಷಗಳ ಕಾಲ ಸುಮ್ಮನಿದ್ದ ಕೈ ಕಾರಣವಿಲ್ಲದೆ ಊದಿ, ಜತೆಗೆ ಬೆರಳು ಜೋಮು, ಕೈಯಲ್ಲಿ ಬಲ ಇಲ್ಲದಿರುವುದು, ಕಂಕುಳು ಅಥವಾ ಕೊರಳೆಲುಬಿನ ಮೇಲೆ ಗಂಟು ಇದ್ದರೆ ಮೊದಲು ಹೋಗಬೇಕಾದದ್ದು ಫಿಸಿಯೋಥೆರಪಿಗಲ್ಲ, ಕ್ಯಾನ್ಸರ್ ವೈದ್ಯರ ಹತ್ತಿರ. ಕಂಕುಳಿನಲ್ಲಿ ರೋಗ ಮರಳಿಲ್ಲ ಎಂಬುದು ಸ್ಕ್ಯಾನಿನಲ್ಲಿ ಖಚಿತವಾದ ಮೇಲೆಯೇ ಬ್ಯಾಂಡೇಜು, ಮಸಾಜು.